ತಾತನಿಗೆ ಕೇಳದ ಟ್ವೀಟರ್

ನಿಮ್ಮ ತಾತನ ಮೈಕ್‌ಸೆಟ್ ಅಂಗಡಿ ಚನ್ನರಾಯಪಟ್ಟಣದಲ್ಲಿ ನಮ್ಮ ಮನೆಯ ಮುಂಭಾಗದಲ್ಲೇ ಇತ್ತು. ನಡುವೆ ಒಂದು ಪರದೆ. ಗಿರಾಕಿಗಳಿದ್ದಾಗ ನಾನು ಅದನ್ನು ದಾಟುತ್ತಿರಲಿಲ್ಲ. ಆದರೆ ಅಲ್ಲಿ ಆಡುವ ಮಾತೆಲ್ಲ ಅಡುಗೆಮನೆಗೆ ಕೇಳುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ಮದುವೆಯವರು ತುತ್ತೂರಿ ಬಾಯಿಯ ಹಾರ್ನ್ ಬೇಡ, ಮರದ ಬಾಕ್ಸ್ ಬೇಕು ಎನ್ನತೊಡಗಿದ್ದರು. ದೊಡ್ಡ ಸ್ಪೀಕರಿನ ಮೇಲೆ ಟ್ರೆಬಲ್, ಅಂದರೆ ಚೂಪು ದನಿ, ಹೊರಡಿಸುವ ಸಣ್ಣದೊಂದು ಪೀಜೋ ಟ್ವೀಟರ್ ಕೂರಿಸಿದರೆ ತಾಳ, ಗೆಜ್ಜೆಯ ದನಿ ಬಿಡಿಬಿಡಿಯಾಗಿ ಬರುತ್ತಿತ್ತು. "ಪೀಜೋ ಕರೆಂಟ್ ತಿನ್ನಲ್ಲ, ಎಷ್ಟು ಬೇಕಾದ್ರೂ ಆಕು" ಎಂಬುದು ನಮ್ಮ ಕಡೆಯ ರಿಪೇರಿಯವರ ಮಾತು. ತಾತನೂ ಅದನ್ನೇ ನಂಬಿದ್ದರು.

ದಂಡಿಗನಹಳ್ಳಿಯ ಮದುವೆಯೊಂದರ ಹಿಂದಿನ ದಿನ ಅವರು ಬಾಕ್ಸ್ ಪರೀಕ್ಷಿಸುತ್ತಿದ್ದರು. ಕ್ಯಾಸೆಟ್ ಹಾಕಿ ಟ್ವೀಟರಿನ ಹತ್ತಿರ ಕಿವಿ ಇಟ್ಟರು. "ಸತ್ತೋಗದೆ" ಎಂದು ಗೊಣಗಿ, ಅದನ್ನು ಬಿಚ್ಚದೆ ಪಕ್ಕದಲ್ಲೇ ಇನ್ನೊಂದನ್ನು ಸೇರಿಸಿದರು. ಆಮೇಲೆ ಮತ್ತೊಂದು. ಒಳಗೆ ಮಜ್ಜಿಗೆ ಕಡೆಯುತ್ತಿದ್ದ ನನಗೆ ಹಲ್ಲು ಜುಮ್ಮೆನ್ನುವಂತೆ ಚಿರ್ ಎನ್ನುತ್ತಿತ್ತು.

ಆ ಹೊತ್ತಿಗೆ ಹೆಣ್ಣಿನ ತಂದೆ ಬಂದರು.

"ಏನಣ್ಣೋ, ಕಿವೀಗೆ ಸೂಜಿ ಚುಚ್ದಂಗದೆ. ಇದು ಮದ್ವೇಗೋ, ಕಾಗೆ ಓಡ್ಸಕ್ಕೋ?"

"ಟ್ರೆಬಲ್ಲು ಇನ್ನೂ ಬಂದೇ ಇಲ್ಲ ಕಣಣ್ಣ" ಎಂದು ತಾತ ನಕ್ಕರು.

ಅವರು ನಗಲಿಲ್ಲ. "ನಾಳಿಕ್ಕೂ ಇಂಗೇ ಆದ್ರೆ ಒಳೆನರ್ಸೀಪುರದ ಮೈಕ್‌ಸೆಟ್ನೋರ್ನ ಕರಸ್ತೀನಿ" ಎಂದು ಹೊರಟುಹೋದರು.

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ತಾತ ಸ್ವಿಚ್ ಆರಿಸಿ ಆಂಪ್ಲಿಫೈಯರಿನ ಹಿಂಬದಿ ಮುಟ್ಟಿ ಕೈ ಕೊಡವಿಕೊಂಡರು. ನಾನು ಪರದೆ ಸರಿಸಿ ಬಂದೆ.

"ಮೂರೂ ಕೂಗ್ತಿದ್ವು ಕಣ್ರೀ."

"ತಮಾಸೆ ಮಾಡ್ಬ್ಯಾಡ ಕಣೆ."

ಆಂಪ್ಲಿಫೈಯರ್ ತಣ್ಣಗಾದ ಮೇಲೆ ಒಂದೇ ಟ್ವೀಟರ್ ಉಳಿಸಿ, ಸಣ್ಣ ದನಿಯಲ್ಲಿ ಕ್ಯಾಸೆಟ್ ಹಾಕಿದರು. ನನ್ನನ್ನು ಗೋಡೆಯ ಕಡೆ ತಿರುಗಿ ನಿಲ್ಲಿಸಿ, ಅದರ ತಂತಿಯನ್ನು ಬಿಡಿಸುತ್ತ, ಸೇರಿಸುತ್ತ ಕೇಳಿದರು.

"ಈಗ?"

"ಬತ್ತಾದೆ."

"ಈಗ?"

"ಇಲ್ಲ."

ಒಂದೂ ತಪ್ಪಲಿಲ್ಲ. ಅವರು ಸ್ಟೂಲಿನ ಮೇಲೆ ಕುಳಿತರು. ಮಾತೆಲ್ಲ ಅವರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ವರ್ಷಗಟ್ಟಲೆ ಹಾರ್ನಿನ ಪಕ್ಕ ನಿಂತು ಕಿವಿ ಕಳೆದುಕೊಂಡದ್ದು ಆ ಚೂಪು ದನಿಗಳನ್ನು ಮಾತ್ರ. ಆದರೆ ಕಿವಿ ಮಂದವಾದ ಮೈಕ್‌ಸೆಟ್ಟಿನವನನ್ನು ಯಾರು ಕರೆಯುತ್ತಾರೆ? ನಮಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಕಾವಿನ ಕಾರಣ ಅವರಿಗೆ ಆಮೇಲೆ ಹೊಳೆಯಿತು. ಪೀಜೋ ಕರೆಂಟ್ ತುಂಬಿಸಿಟ್ಟುಕೊಳ್ಳುವ ಕೆಪಾಸಿಟರಿನ ಹಾಗೆ. ನಡುವೆ ಏನೂ ಹಾಕದೆ ಒಂದರ ಪಕ್ಕ ಒಂದು ಸೇರಿಸುತ್ತ ಹೋದರೆ ಯಾರ ಕಿವಿಗೂ ನಿಲುಕದ ದನಿಯಲ್ಲಿ ಆಂಪ್ಲಿಫೈಯರ್ ತನ್ನಷ್ಟಕ್ಕೆ ನಡುಗಿ ಬಿಸಿಯೇರಬಹುದು. ಹಾಸನದ ಅಂಗಡಿಯವರು ಹಿಂದೆ ಇದನ್ನು ಹೇಳಿದ್ದರಂತೆ, ಇವರು ನಕ್ಕು ಬಂದಿದ್ದರಂತೆ. ಈಗ ಪ್ಲಗ್ ಕಿತ್ತಿಟ್ಟು, ಬಾಕ್ಸಿಗೆ ಒಂದೇ ಟ್ವೀಟರ್ ಇರಿಸಿ, ಅದಕ್ಕೆ ಹೋಗುವ ಒಂದು ತಂತಿಯ ನಡುವೆ ಕರೆಂಟ್ ತಡೆಯುವ ಬಿಳಿಯ ಪಿಂಗಾಣಿ ರೆಸಿಸ್ಟೆನ್ಸ್ ಬೆಸೆದರು. ಅದು ಬಿಸಿಯಾದರೆ ತಾಗದಿರಲೆಂದು ಬಾಕ್ಸಿನ ಮರ, ಒಳಗೆ ತುಂಬಿದ ಹತ್ತಿಯಿಂದ ದೂರ ಕಟ್ಟಿದರು. ಬೆಸುಗೆಗಳು ಒಂದಕ್ಕೊಂದು ತಗುಲದಂತೆ ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸಿದರು. ಗಂಟೆಗಟ್ಟಲೆ ಹಾಡು ಹಾಕಿದರೂ ಆಂಪ್ಲಿಫೈಯರಿನ ಹಿಂಬದಿಯ ಮೇಲೆ ಅಂಗೈ ಇಡಬಹುದಿತ್ತು.

ಕಾವಿಗೆ ಅವರ ಕೈಯೇ ಸಾಕಾಗಿತ್ತು. ದನಿಗೆ?

"ನಾಳೆ ನೀನೂ ಬಾ" ಎಂದರು.

"ಗಂಡಸರ ನಡುವೆ ನಾನೇನು ಹೇಳ್ಲಿ?"

"ಏನೂ ಏಳ್ಬ್ಯಾಡ. ಎಂಗಸ್ರ ಕಡೆ ಕೂತ್ಕೊ. ಚುಚ್ಚಿದ್ರೆ ಸೆರಗ ತಲೆ ಮ್ಯಾಲೆ ಎಳ್ಕೊ. ಮಂಕಾದ್ರೆ ಇಳ್ಸು."

ಹಾಗೇ ಮಾಡಿದೆ. ಎರಡು ಬಾರಿ ಎಳೆದುಕೊಂಡೆ, ಒಮ್ಮೆ ಇಳಿಸಿದೆ. ಆಂಪ್ಲಿಫೈಯರಿನ ಮುಂದೆ ನಿಂತ ತಾತ ನನ್ನತ್ತ ನೋಡಿ ಗುಂಡಿ ತಿರುಗಿಸುತ್ತಿದ್ದರು. ಊಟದ ಹೊತ್ತಿಗೆ ಹೆಣ್ಣಿನ ತಂದೆ ಬಂದು, "ಇವತ್ತು ಸರ್ಯಾಗದೆ ಬುಡಣ್ಣ" ಎಂದರು.

ಮುಂದೆ ಅರಕಲಗೂಡು, ದುದ್ದ, ಎಲ್ಲಿ ಮದುವೆಯಾದರೂ ನಾನು ಹೋಗುತ್ತಿದ್ದೆ. "ಮೈಕ್‌ಸೆಟ್ಟಣ್ಣನ ಎಂಡ್ರು ಒಂದು ಊಟಾನೂ ಬುಡಲ್ಲ" ಎಂದು ಜನ ನಗುತ್ತಿದ್ದರು. ಅಲ್ಲ ಎಂದು ನಾವಿಬ್ಬರೂ ಹೇಳಲಿಲ್ಲ.