ಡಾಕ್ಟರ್ ಕಾಕಾ, ಜೀಪು, ಮೊಸರಿನ ಗಡಿಗೆ

ಡಾಕ್ಟರ್ ಕಾಕಾನ ಧೋತರ ಮಳೆಗಾಲವಿಡೀ ಮೊಣಕಾಲಿನ ತನಕ ಕಪ್ಪಗಿರುತ್ತಿತ್ತು, ಮೇಲೆ ಮಾತ್ರ ಇಸ್ತ್ರಿಯ ಬಿಳಿ ಕೋಟು. ಎರೆಹೊಲ ತುಳಿದು ಹಳ್ಳಿಯ ರೋಗಿಗಳನ್ನು ನೋಡಿ ಬಂದ ಗುರುತು ಅದು. ಹುನಗುಂದದಲ್ಲಿ ನನ್ನ ತವರುಮನೆಗೆ ಹತ್ತಿದ ಮನೆ ಅವರದು. ಸ್ವಂತ ಕಾಕಾ ಅಲ್ಲ; ಆದರೂ ನನಗೆ ಅವರು ಕಾಕಾ, ಅವರ ಹೆಂಡತಿ ಕಾಕು.

ಕಾಕು ಅಟ್ಟದಿಂದ ಬಿದ್ದು ಬೆನ್ನು ಕೆಡಿಸಿಕೊಂಡಿದ್ದರು. ಮೇಲಿಂದ ಮೇಲೆ ಬಾಗಲಕೋಟೆಯ ದವಾಖಾನೆಗೆ ಹೋಗಬೇಕು, ಬಸ್ಸಿನ ಕುಲುಕಾಟಕ್ಕೆ ಜೀವ ಹೋದಂತಾಗುತ್ತಿತ್ತು. ಐವತ್ತರ ದಶಕದ ಆ ರಸ್ತೆಗಳನ್ನು ಈಗಿನವರಿಗೆ ಹೇಗೆ ಹೇಳಲಿ!

ಕಾಕಾ ಇಳಕಲ್ಲಿನಲ್ಲಿ ಎರಡು ಗಾಡಿ ನೋಡಿದರು: ಸೀರೆ ವ್ಯಾಪಾರಿಯೊಬ್ಬರ ಹಳೆಯ ಕಾರು, ಮಿಲಿಟರಿಯವರು ಮಾರಿದ ಜೀಪು. ಪರೀಕ್ಷೆ ಹೇಗೆ ಅಂತೀರಿ? ಹೆಪ್ಪಾದ ಮೊಸರಿನ ಗಡಿಗೆಯನ್ನು ಪಕ್ಕದ ಸೀಟಿನಲ್ಲಿಟ್ಟು ಮನೆಯ ತನಕ ಓಡಿಸಿದರು. ಮೊಸರು ಒಡೆಯದಿದ್ದರೆ ಕಾಕುವಿನ ಬೆನ್ನಿಗೂ ಸೈ. ಕಾರಿನಲ್ಲಿ ಮೊಸರು ಕದಲಲಿಲ್ಲ. ಜೀಪಿನಲ್ಲಿ ಬಂದ ಗಡಿಗೆಯೊಳಗೆ ಇಣುಕಿ ಕಾಕು ನಕ್ಕರು: "ಬೆಣ್ಣಿನೂ ಬಂದದಲ್ರಿ! ನನಗ ಕಡಿಯೂ ಕೆಲಸ ತಪ್ತು."

ಆದರೆ ಎರೆಮಣ್ಣು ಹಸಿಯಾದರೆ ಕಾರು ಒಂದು ಮಾರು ಮುಂದೆ ಹೋಗದು. "ಕೆಸರಿಗೂ ಆಗಬೇಕು, ಬೆನ್ನಿಗೂ ಆಗಬೇಕು. ಅಂಥಾ ಗಾಡಿ ಎಲ್ಲ್ಯದ, ತೋರಸ್ರಿ," ಎಂದು ಕಾಕಾ ಕಂಡಕಂಡವರನ್ನು ಕೇಳುತ್ತಿದ್ದರು. ಕೊನೆಗೆ, ಮೆತ್ತಗೆ ಮಾಡಿಕೊಂಡರಾಯಿತೆಂದು ಜೀಪನ್ನೇ ತಂದರು. ಸೀಟಿಗೆ ಹತ್ತಿಯ ಗಾದಿ ಹಾಸಿದರು, ಗಾಲಿಯ ಗಾಳಿ ಇಳಿಸಿದರು. ಪ್ರತಿ ಸಲ ಗಡಿಗೆ ಇಟ್ಟು ಒಂದು ಸುತ್ತು, ಪ್ರತಿ ಸಲ ಮಜ್ಜಿಗೆ. ಓಣಿಗೆಲ್ಲ ಅದು ಪುಕ್ಕಟೆ.

ಕಡೆಗೆ ಮಿಸ್ತ್ರಿಯ ಮಾತು ಕೇಳಿ ಗಾಲಿಯ ಮೇಲಿನ ಸ್ಪ್ರಿಂಗಿನ ಉಕ್ಕಿನ ಪಟ್ಟಿಗಳಲ್ಲಿ ಅರ್ಧದಷ್ಟನ್ನೇ ತೆಗೆಸಿದರು. ಜೀಪು ತಗ್ಗಾಯಿತು, ಮೆತ್ತಗೂ ಆಯಿತು. ಮೊಸರು ಒಡೆಯಲಿಲ್ಲ! "ನಾಳೆ ಮುಂಜಾನೆ ಬಾಗಲಕೋಟಿ," ಎಂದರು ಕಾಕಾ. ಕಾಕು ಉಡಲು ಒಳ್ಳೆಯ ಸೀರೆ ತೆಗೆದಿಟ್ಟುಕೊಂಡರು.

ಆ ಸಂಜೆಯೇ ನನ್ನ ಗಂಡನ ಊರು ರಾಮಥಾಳದಿಂದ ಮೈದುನ ಮಳೆಯಲ್ಲಿ ಓಡಿಬಂದ. ದಿನ ತುಂಬುವ ಮೊದಲೇ ಗಂಡನ ಮನೆಯಲ್ಲಿ ನನಗೆ ಬೇನೆ ಎದ್ದು, ಕೂಸು ಅಡ್ಡ ತಿರುಗಿತ್ತು. ತಗ್ಗಾದ ಜೀಪು ಆ ಕೆಸರಿನಲ್ಲಿ ಹೊಟ್ಟೆಯೂರಿ ಕೂಡುವುದು ಖರೆ. ಪಟ್ಟಿ ಮತ್ತೆ ಹಾಕಿಸಿದರೆ ನಾಳೆಯ ಬಾಗಲಕೋಟೆ ತಪ್ಪುತ್ತದೆ; ಕಾಕಾ ಜೀಪನ್ನೇ ನೋಡುತ್ತ ನಿಂತರಂತೆ. ಕಾಕುವೇ ಒಳಗಿನಿಂದ ಕೂಗಿದರಂತೆ: "ಏನ್ರೀ, ಏನ ನೋಡ್ಕೋತ ನಿಂತೀರಿ? ಪಟ್ಟಿ ಹಾಕಸ್ರಿ. ಅಲ್ಲಿ ಹುಡಿಗಿ ಸಾಯ್ಲಿಕ್ಕತ್ಯಾಳ!"

ಪಟ್ಟಿ ಮತ್ತೆ ಹಾಕಿಸಿಕೊಂಡು ಜೀಪು ಬಂತು. ನಾನು ಉಳಿದೆ, ಮಗ ಉಳಿದ.

ಆ ವರ್ಷ ಹಿಡಿದ ಮಳೆ ಹೊಳವಾಗಲೇ ಇಲ್ಲ. ಇವತ್ತು ಈ ಹಳ್ಳಿ, ನಾಳೆ ಆ ಹಳ್ಳಿ. ಪಟ್ಟಿ ತೆಗೆಸುವ ಪುರುಸೊತ್ತು ಕಾಕಾಗೆ ಸಿಗಲಿಲ್ಲ. ಮಳೆ ನಿಂತಾಗ ಕಾಕುವಿಗೆ ಎದ್ದು ಕೂಡಲೂ ಆಗುತ್ತಿರಲಿಲ್ಲ, ಯಾವ ಗಾಡಿಯಿಂದಲೂ ಇನ್ನು ಉಪಯೋಗವಿರಲಿಲ್ಲ. ಕೂಸನ್ನು ಎತ್ತಿಕೊಂಡು ನೋಡಲು ಹೋದ ನನಗೆ ಅಳು ತಡೆಯಲಾಗಲಿಲ್ಲ. ಕಾಕು ಕೂಸನ್ನು ಮಗ್ಗುಲಿಗೆ ಹಾಕಿಸಿಕೊಂಡರು. "ಅಳಬ್ಯಾಡ. ಬಾಗಲಕೋಟಿಗೆ ಹೋಗಿದ್ರ ಇಂವಾ ಸಿಗ್ತಿದ್ದಿಲ್ಲ," ಎಂದರು. ದೀಪಾವಳಿಗೆ ಮೊದಲೇ ಹೋಗಿಬಿಟ್ಟರು.

ಕಾಕಾ ಆ ಹಾಳು ಜೀಪನ್ನು ಮಾರಲಿಲ್ಲ. ತಾವು ತೀರಿಕೊಳ್ಳುವ ತನಕ ಅದರಲ್ಲೇ ಹಳ್ಳಿ ತಿರುಗಿದರು. ಹತ್ತಿಯ ಗಾದಿಯೂ ಆ ಪಕ್ಕದ ಸೀಟಿನ ಮೇಲೆಯೇ ಇತ್ತು. ಅದರ ಮೇಲೆ ನನ್ನ ಮಗನನ್ನು ಬಿಟ್ಟು ಬೇರೆ ಯಾರನ್ನೂ ಅವರು ಕೂಡಿಸಲಿಲ್ಲ.