ಸಮುದ್ರಕ್ಕೊಂದು ಖಣ

ಗಜೇಂದ್ರಗಡದ ಬಟ್ಟೆ ಅಂಗಡಿಯವರು ಖಣದ ಮಡಿಕೆ ಬಿಚ್ಚುತ್ತ, ಯಾರಿಗೆ ಕೊಡಲಿಕ್ಕೆ ಬೇಕು ಅಂತ ಕೇಳಿದರು. ನಮ್ಮತ್ತೆ ತುಸು ಯೋಚಿಸಿ, ಭಾಳ ಹಿರಿಯಾಕಿಗೆ ಅಂದರು. ವಯಸ್ಸೆಷ್ಟು ಅಂದದ್ದಕ್ಕೆ, ನಮ್ಮ ಮುತ್ತಜ್ಜಿಗಿಂತ ಹಿರಿಯಾಕಿ ಅಂದರು. ಮೈಬಣ್ಣ? ನೀಲಿ ಅಂತಾರ, ನಾ ಕಂಡಿಲ್ಲ ಅಂದರು. ಅಂಗಡಿಯವರು ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಕಾನ್ವೆಂಟಿನಲ್ಲಿ ಕಲಿತವಳು. ಯಾರೇ ನನ್ನ ಕಡೆ ನೋಡಲಿ, ಸಿಸ್ಟರುಗಳು ಕಲಿಸಿದ ಹಾಗೆ ಮೊದಲು ಮುಗುಳ್ನಗುತ್ತೇನೆ, ವಿಚಾರ ಮಾಡುವುದು ಆಮೇಲೆ. ಮುಗುಳ್ನಕ್ಕು, "ಸಮುದ್ರಕ್ಕರೀ" ಅಂದೆ.

"ಹಂಗಂದ್ರ ಕೆಂಪು ಒಯ್ರಿ" ಅಂದರು ಅವರು, ಸ್ವಲ್ಪವೂ ಬೆರಗಾಗದೆ. "ನೀಲಿ ಮ್ಯಾಲೆ ಚಲೋ ಒಪ್ಪತೈತಿ."

ಸಂಗತಿ ಏನೆಂದರೆ, ನಮ್ಮತ್ತೆ ಸಮುದ್ರಕ್ಕೆ ಉಡಿ ತುಂಬಬೇಕಾಗಿತ್ತು. ಮನೆಯ ಹೆಣ್ಣುಮಗಳಿಗೆ ಸೆರಗಿನ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಕೊಂಬು, ಖಣ ಇಟ್ಟು ಕಳಿಸುತ್ತೇವಲ್ಲ, ಅದೇ. ಲಕ್ಕಲಕಟ್ಟಿ ಹತ್ತಿರದ ನಮ್ಮ ಹೊಲದಲ್ಲಿ ಮೂರು ವರ್ಷದ ಹಿಂದೆ ಬೋರು ಕೊರೆಸಿದ್ದೆವು. ಮೊದಲಿನ ಎರಡು ಬರೇ ಧೂಳು ಉಗುಳಿದವು. ಮೂರನೆಯದನ್ನು ಕೊರೆಯುವಾಗ ಅತ್ತೆ ಚಪ್ಪಲಿ ಬಿಟ್ಟು ಮಷಿನ್ನಿನ ಪಕ್ಕ ನಿಂತು, ಆ ಗದ್ದಲದಲ್ಲೂ ಎಲ್ಲರಿಗೆ ಕೇಳುವಂತೆ ನೆಲದೊಳಗಿನ ಗಂಗೆಗೆ, ನೀ ಯಾರ ಮನಿಯಾಕಿ ಇದ್ದೀಯೋ ಆ ಮನಿಗೆ ಬಂದು ಉಡಿ ತುಂಬತೀನಿ, ಹೊರಗ ಬಾ ಅಂತ ಹರಕೆ ಹೊತ್ತರು. ನೀರು ಬಂತು. ಬಂದದ್ದು ಸವುಳು ನೀರು. ಬೊಗಸೆ ಬಾಯಿಗಿಟ್ಟು ಮುಖ ಹಿಂಡಿದ ಅತ್ತೆಗೆ ಆ ಕ್ಷಣದಲ್ಲೇ ಆಕೆಯ ಮನೆ ಯಾವುದು ಅಂತ ಗೊತ್ತಾಗಿಹೋಯಿತು. ಉಪ್ಪು ಇನ್ನೆಲ್ಲಿಂದ ಬರಬೇಕು?

ಭೂಗೋಳದಲ್ಲಿ ನನಗೆ ಒಳ್ಳೆಯ ಅಂಕ ಬರುತ್ತಿದ್ದವು. ಆದರೂ ಏನೂ ಹೇಳಲಿಲ್ಲ. ಸಮುದ್ರದ ವಿಷಯದಲ್ಲಿ ನನ್ನ ಸ್ಥಾನ ಆಗಲೇ ನಾಜೂಕಾಗಿತ್ತು. ಆರನೇ ಇಯತ್ತೆಯಲ್ಲಿದ್ದಾಗ ಸಿಸ್ಟರ್ ನಮ್ಮಿಂದ ಸಮುದ್ರ ತೀರದಲ್ಲಿ ಕಳೆದ ಒಂದು ದಿನ ಅಂತ ಪ್ರಬಂಧ ಬರೆಸಿದ್ದರು. ತರಗತಿಯಲ್ಲಿ ಒಬ್ಬರೂ ಸಮುದ್ರ ಕಂಡವರಿರಲಿಲ್ಲ. ಹಕ್ಕಿಗಳು ಒಗೆದು ಒಣಹಾಕಿದ ಕರವಸ್ತ್ರದಂತೆ ಹಾರುತ್ತಿದ್ದವು ಅಂತ ನಾನು ಬರೆದೆ, ಮೊದಲ ಬಹುಮಾನ ಬಂತು. ನನ್ನನ್ನು ನೋಡಲು ಬಂದ ದಿನ ನಮ್ಮಪ್ಪ ಆ ಬಹುಮಾನದ ತಟ್ಟೆಯಲ್ಲೇ ಅವಲಕ್ಕಿ ಕೊಡಿಸಿದರು. ಅಂದಿನಿಂದ ಅತ್ತೆ ರೋಣದಿಂದ ನರೇಗಲ್ಲಿನವರೆಗಿನ ಬೀಗರಿಗೆಲ್ಲ, ನಮ್ಮ ಸೊಸಿ ಸಮುದ್ರದ ಮ್ಯಾಲೆ ಬರದಾಳ ಅಂತ ಹೇಳಿಕೊಂಡು ಬಂದಿದ್ದಾರೆ. ಬರೆದವಳು ಕಂಡಿರಲೇಬೇಕು ಅಂತ ಎಲ್ಲರೂ ತಿಳಿದರು. ಅಲ್ಲ ಅನ್ನುವುದಕ್ಕೆ ಸರಿಯಾದ ಸಮಯ ಇಪ್ಪತ್ನಾಲ್ಕು ವರ್ಷ ಸಿಗಲಿಲ್ಲ.

ಹರಕೆ ಮೂರು ವರ್ಷ ಹಾಗೇ ಉಳಿಯಿತು. ಮೋಟರು ಸುಟ್ಟಾಗಲೆಲ್ಲ ಅತ್ತೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು. ಅಷ್ಟರಲ್ಲಿ ಅವರ ಮೊಣಕಾಲು ಕೆಟ್ಟವು. ಗದಗಿನ ದವಾಖಾನೆಯಲ್ಲಿ ಆಪರೇಷನ್ನಿಗೆ ದಿನ ಕೊಟ್ಟರು. ಅತ್ತೆ ಒಲ್ಲೆ ಅಂದರು. "ಹರಕಿ ಬಾಕಿ ಇಟ್ಕೊಂಡು ನಾ ಆ ಟೇಬಲ್ ಮ್ಯಾಲೆ ಮಲಗೂದಿಲ್ಲ. ಮಲಗಿದಾಕಿ ಏಳತೀನೋ ಇಲ್ಲೋ." ನಮ್ಮ ಮನೆಯವರು ನಕ್ಕರು. ಆದರೆ ಅತ್ತೆ ನಮ್ಮ ಮನೆಯ ಮೂರೇ ಮೂರು ಮೆಟ್ಟಿಲು ಹತ್ತಲು ಗೋಡೆಗೆ ಕೈಕೊಟ್ಟು ಎರಡು ಸಲ ನಿಲ್ಲುತ್ತಿದ್ದರು. ಅದನ್ನು ನೋಡಿದ ಮೇಲೆ ನಗು ಬಹಳ ಹೊತ್ತು ಇರುತ್ತಿರಲಿಲ್ಲ. ಆಪರೇಷನ್ನಿಗೆ ಹತ್ತು ದಿನ ಇರುವಾಗ ಅತ್ತೆ, ನಮ್ಮ ಮನೆಯವರು, ನಾನು ಮೂವರೂ ಕಾರವಾರದ ಕಡೆ ಹೊರಟೆವು.

ಮೊದಲನೆಯ ದಿನ ದಂಡೆಯಲ್ಲೇ ಕೆಲಸ ಕೆಟ್ಟಿತು. ಅತ್ತೆ ಪೂಜೆ ಮಾಡಿ, ಎಲ್ಲವನ್ನೂ ಖಣದಲ್ಲಿ ಕಟ್ಟಿದ ಗಂಟನ್ನು ನೀರಿಗೆ ಬಿಟ್ಟರು. ತೆರೆ ಅದನ್ನು ಒಯ್ದಿತು, ಸ್ವಲ್ಪ ಆಡಿಸಿತು, ತಂದು ಅವರ ಪಾದದ ಹತ್ತಿರ ಇಟ್ಟು ಹೋಯಿತು. ಮತ್ತೊಮ್ಮೆ ಬಿಟ್ಟರು, ಮತ್ತೆ ತಂದಿಟ್ಟಿತು. ಅತ್ತೆ ಉಸುಕಿನಲ್ಲಿ ಕೂತುಬಿಟ್ಟರು.

"ಒಲ್ಲೆ ಅಂದ್ಲು ನೋಡವಾ. ತಡಾ ಮಾಡಿದ್ವಿ, ಸಿಟ್ಟಾಗ್ಯಾಳ."

ಉಡಿ ತುಂಬಿಸಿಕೊಂಡವರು ಅದರಲ್ಲಿನ ಐದು ಕಾಳು ಅಕ್ಕಿ ತೆಗೆದು ತುಂಬಿದವರ ಉಡಿಗೆ ಹಾಕುವುದು ನಮ್ಮಲ್ಲಿ ರೂಢಿ. ನಾನು ಅದನ್ನೇ ಹಿಡಿದುಕೊಂಡು, ಹೊಳ್ಳಿ ಕೊಡೂದು ಪದ್ಧತಿ ಐತೆಲ್ರಿ ಅತ್ತಿ, ಅದನ್ನ ಮಾಡ್ಯಾಳ ಅಂತ ಸಮಾಧಾನ ಹೇಳಿದೆ. "ಐದು ಕಾಳು ಹೊಳ್ಳಿ ಕೊಡತಾರ. ಯಾರರ ಇಡೀ ಗಂಟು ಕೊಡತಾರೇನು?" ಅಂದರು ಅತ್ತೆ. ನಾನು ಗಂಟನ್ನೆತ್ತಿ ನೀರು ಹಿಂಡಿದೆ. ಗಂಟಿನೊಳಗೆ ಒಂದು ಸಣ್ಣ ಏಡಿ ಬೇರೆ ಸೇರಿಕೊಂಡಿತ್ತು.

ಬಾಗಿಲಲ್ಲಿ ನಿಂತು ಉಡಿ ತುಂಬಿದ್ದೇ ತಪ್ಪು, ನಡುಮನೆಗೇ ಹೋಗಬೇಕು ಅಂತ ಅತ್ತೆ ತೀರ್ಮಾನಿಸಿದರು. ವಸತಿಗೃಹದವರು ಹೇಳಿದ್ದು, ಸ್ವಲ್ಪ ದೂರದಲ್ಲಿ ಒಂದು ಸಣ್ಣ ಕೊಲ್ಲಿ ಇದೆ, ಗದ್ದಲವಿಲ್ಲ, ಎಂಟು ಹತ್ತು ಜನರನ್ನಷ್ಟೇ ಕೂರಿಸಿಕೊಂಡು ಒಂದು ಬೋಟು ಮುಂಜಾನೆ ಹೋಗಿ ಸಂಜೆ ಬರುತ್ತದೆ, ಗುಡ್ಡ, ದ್ವೀಪ, ಡಾಲ್ಫಿನ್ ಎಲ್ಲ ತೋರಿಸುತ್ತದೆ ಅಂತ. ಅತ್ತೆ ನಡುಮನೆಯೊಂದನ್ನೇ ಕೇಳಿಸಿಕೊಂಡರು. ಮರುದಿನ ಒಣಗಿಸಿದ ಅದೇ ಖಣ, ಹೊಸ ಅಕ್ಕಿ, ಮೂವತ್ತು ಖಡಕ್ ರೊಟ್ಟಿ ಕಟ್ಟಿಕೊಂಡು ಬೋಟು ಹತ್ತಿದೆವು. ಅತ್ತೆಯನ್ನು ಹತ್ತಿಸಲು ನಾಲ್ಕು ಜನ ಬೇಕಾದರು. ರೊಟ್ಟಿಯ ಗಂಟನ್ನು ಮಾತ್ರ ಅವರು ಯಾರ ಕೈಗೂ ಕೊಡಲಿಲ್ಲ.

ಬೋಟಿನವನು ಐವತ್ತರ ಆಸುಪಾಸಿನ ಮೆದು ಮಾತಿನ ಮನುಷ್ಯ. ಹಿಂದುಗಡೆ ಒಲೆಯ ಹತ್ತಿರ ಅವನ ಹೆಂಡತಿ ನೈಟಿಯ ಮೇಲೆ ಟವೆಲು ಹಾಕಿಕೊಂಡು ಮೀನು ಹೆರೆಯುತ್ತಿದ್ದಳು. ನಮ್ಮ ಜೊತೆ ಒಂದು ಹೊಸ ಜೋಡಿ ಇತ್ತು, ಒಬ್ಬರನ್ನೊಬ್ಬರು ಮೊಬೈಲಿನಲ್ಲೇ ನೋಡಿಕೊಳ್ಳುತ್ತಿದ್ದರು. ಇನ್ನು ನಿವೃತ್ತ ಅಧಿಕಾರಿಯೊಬ್ಬರು, ಅವರ ಹೆಂಡತಿ. ಅಧಿಕಾರಿಗಳ ಕೊರಳಲ್ಲಿ ದುರ್ಬೀನು, ಅವರ ಹೆಂಡತಿಯ ಹೆಗಲ ಮೇಲೆ ಬೂದು ಬಣ್ಣದ ಶಾಲು. ಆಕೆ ನಮ್ಮ ರೊಟ್ಟಿಯ ಗಂಟನ್ನು ನೋಡಿ ಸ್ವಲ್ಪ ಆಚೆ ಸರಿದು ಕೂತರು.

ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೀಟು ಕೊಟ್ಟರು. ಗಂಡಸರ ಮುಂದೆ ಸೆರಗು ಇಳಿಸುವುದು ಹೇಗೆ ಅಂತ ಅತ್ತೆ ಜಾಕೀಟಿನ ಮೇಲೆ ಇಳಕಲ್ ಸೆರಗು ಹೊದ್ದರು, ಕೂತಲ್ಲೇ ಇಬ್ಬರ ಜಾಗ ತುಂಬಿತು. ಶೇಂಗಾ ದಲಾಲಿ ಮಾಡುವ ನಮ್ಮ ಮನೆಯವರಿಗೆ ನೀರೆಂದರೆ ಅಂಜಿಕೆ. ಕಂಬ ಹಿಡಿದುಕೊಂಡು, ಇಲ್ಲಿ ಎಷ್ಟು ಆಳ ಅಂತ ಕೇಳಿದರು. ನಾಲ್ಕು ಆಳುದ್ದ ಇದ್ದೀತು ಅಂದ ಬೋಟಿನವನು. ನಮ್ಮ ಬಾವಿ ಆರು ಆಳು ಅಂದರು ಇವರು, ಮುಖಕ್ಕೆ ಸ್ವಲ್ಪ ಕಳೆ ಬಂತು. ಆಮೇಲೆ ಅರ್ಧ ಗಂಟೆಗೊಮ್ಮೆ ಕೇಳುತ್ತಿದ್ದರು. ಏಳು ಆಳು ಅಂದಾಗ ಕೇಳುವುದನ್ನು ಬಿಟ್ಟರು.

ಹೊರಡುವ ಮೊದಲು ಬೋಟಿನವನು ನಿಯಮ ಹೇಳಿದ್ದ. ಎಲ್ಲರೂ ಒಮ್ಮೆಗೇ ಏಳಬಾರದು. ನೀರಿಗೆ ಏನೂ ಎಸೆಯಬಾರದು, ಹೂವು, ಕಾಯಿ, ಬಟ್ಟೆ ಯಾವುದೂ. ಯಾರೋ ಎಸೆದ ಬಟ್ಟೆ ಕೆಳಗಿನ ಫ್ಯಾನಿಗೆ ಸುತ್ತಿಕೊಂಡು ನಡುನೀರಲ್ಲಿ ಎರಡು ತಾಸು ನಿಂತಿದ್ದನಂತೆ. ಇಂಜಿನ್ನಿನ ಸದ್ದಿಗೆ ಅತ್ತೆಗೆ ಅದು ಕೇಳಿಸಿರಲಿಲ್ಲ. ನನಗೆ ಕೇಳಿಸಿತ್ತು. ಹೇಳಬೇಕು ಅಂದುಕೊಂಡೆ. ಒಂದು ಗುಡ್ಡ ಹೋಯಿತು, ಮರಗಳು ನೀರಿನವರೆಗೆ ಇಳಿದಿದ್ದವು. ಇನ್ನೊಂದು ಗುಡ್ಡ ಹೋಯಿತು. ನೀರು ನಮ್ಮೂರಿನ ಎರಿ ಹೊಲದ ಹಾಗೆ ಸಪಾಟಾಗಿತ್ತು, ನೇಗಿಲು ಹೊಡೆದಂತೆ ಬೋಟಿನ ಹಿಂದೆ ಸಾಲು ಬೀಳುತ್ತಿತ್ತು. ಅತ್ತೆ ಉಡಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಬೀಗರ ಮನೆಗೆ ಮೊದಲ ಸಲ ಹೋದವರಂತೆ ನೆಟ್ಟಗೆ ಕೂತಿದ್ದರು. ನನಗೆ ಹೇಳಲು ಬಾಯಿ ಬರಲಿಲ್ಲ.

ಕೊಲ್ಲಿಯ ನಡುವೆ ಬೋಟಿನವನು ಇಂಜಿನ್ ನಿಲ್ಲಿಸಿ, ಸದ್ದು ಮಾಡಬೇಡಿ, ಎಡಕ್ಕೆ ನೋಡಿ ಅಂತ ಕೈ ತೋರಿಸಿದ. ಎಲ್ಲರೂ ಉಸಿರು ಹಿಡಿದು ಎಡಕ್ಕೆ ಬಾಗಿದರು. ನಮ್ಮ ಮನೆಯವರು ಮಾತ್ರ ತೂಕ ಸರಿಯಾಗಲೆಂದು ಬಲಕ್ಕೆ ಹೋಗಿ ಕೂತರು. ದೂರದಲ್ಲಿ ನೀರು ಒಡೆದು ಕಪ್ಪು ಬೆನ್ನೊಂದು ಏಳುತ್ತಿತ್ತು. ಇಷ್ಟು ಶಾಂತವಾದದ್ದು ತನಗಾಗಿಯೇ ಅಂತ ತಿಳಿದ ಅತ್ತೆ, ಗಂಟು ಬಿಚ್ಚಿ, ಅರಿಶಿಣ ಕುಂಕುಮ ಏರಿಸಿ, ದೊಡ್ಡ ದನಿಯಲ್ಲಿ ಗಂಗೆಯನ್ನು ಕರೆದರು.

ಡಾಲ್ಫಿನ್ನು ಮುಳುಗಿತು. ಎಲ್ಲರೂ ತಿರುಗಿದರು. ದುರ್ಬೀನು ಇಳಿಸಿದ ಅಧಿಕಾರಿಗಳು ನನ್ನ ಕಡೆಯೇ ನೋಡಿದರು. ನಾನು ಮುಗುಳ್ನಕ್ಕೆ.

ಬೋಟಿನವನು ಬಂದು ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ತಾವೂ ವರ್ಷಕ್ಕೊಮ್ಮೆ ಕಡಲಿಗೆ ಕಾಯಿ ಕೊಡುವವರೇ ಅಂದ. ಅಕ್ಕಿ ಹಾಕಬಹುದು, ಮೀನು ತಿನ್ನುತ್ತವೆ. "ಬಟ್ಟೆ ಮಾತ್ರ ಆಗೂದಿಲ್ಲ ಅಮ್ಮ."

"ಖಣ ಇಲ್ಲದ ಎಂಥಾ ಉಡಿ ತಮ್ಮಾ?" ಅಂದರು ಅತ್ತೆ. "ನಿಮ್ಮ ಮನಿ ಹೆಣಮಗಳನ್ನ ಬರೇ ಅಕ್ಕಿ ಹಾಕಿ ಕಳಸ್ತೀರೇನು?"

ಅವನಿಗೆ ಅಕ್ಕ ತಂಗಿಯರು ಇದ್ದಿರಬೇಕು, ತಲೆ ಕೆರೆದುಕೊಂಡ. ಖಣ ವಾಪಸು ಒಯ್ಯೋಣ ಅಂತ ನಮ್ಮ ಮನೆಯವರು ಬಲಗಡೆಯಿಂದಲೇ ಹೇಳಿದರು. ಕೊಡುತ್ತೇನೆಂದ ಖಣ ವಾಪಸು ತಂದರೆ ಆಪರೇಷನ್ನಿನ ಮಾತೇ ಬೇಡ ಅಂದರು ಅತ್ತೆ. ಅವರ ಬೆರಳಿನ ಕುಂಕುಮ ಜಾಕೀಟಿಗೆ ಉದುರುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿದರು. ಸಮುದ್ರದ ಮೇಲೆ ಬರೆದವಳು ನೀನು, ನೀನೇ ಹೇಳು ಅಂದರು.

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. "ಅತ್ತಿ, ನಾ ಸಮುದ್ರ ನೋಡಿದ್ದು ನಿನ್ನೇನ ಮೊದಲ ಸಲರೀ" ಅಂದೆ.

"ಗೊತ್ತೈತಿ. ನಿನ್ನೆ ತೆರಿ ಬಂದಾಗ ನನಗಿಂತ ಮೊದಲ ನೀ ಓಡಿದಿ." ಅತ್ತೆ ಗಂಟು ಸರಿಮಾಡಿಕೊಂಡರು. "ಆದ್ರೂ ಬಹುಮಾನ ಬಂದೈತಲ್ಲ, ಹೇಳು."

ಇಪ್ಪತ್ನಾಲ್ಕು ವರ್ಷ ಹೊತ್ತ ಭಾರವನ್ನು ಅವರು ಹೀಗೆ ಎತ್ತಿ ಪಕ್ಕಕ್ಕಿಟ್ಟರು. ನಾನು ಸುತ್ತ ನೋಡಿದೆ. ಒಲೆಯ ಹತ್ತಿರ ಬೋಟಿನವನ ಹೆಂಡತಿ ಕೆಲಸ ಬಿಟ್ಟು ನಿಂತಿದ್ದಳು. ಕೈತುಂಬ ಹಸಿರು ಗಾಜಿನ ಬಳೆ, ಒಂದು ಬಳೆಗೆ ಮೀನಿನ ಪೊರೆಯೊಂದು ಅಂಟಿ ಚಮಕಿಯ ಹಾಗೆ ಹೊಳೆಯುತ್ತಿತ್ತು. ನಿಮ್ಮ ತವರುಮನೆ ಎಲ್ಲಿ ಅಂತ ಕೇಳಿದೆ. ಅವಳು ಸೌಟಿನಿಂದಲೇ ಎದುರಿನ ದಂಡೆ ತೋರಿಸಿದಳು, ನೀರಿಗೆ ಕಾಲು ಚಾಚಿದಂತೆ ಕೂತ ನಾಲ್ಕಾರು ಮನೆ. ಅಪ್ಪ, ಅಜ್ಜ ಎಲ್ಲ ಇದೇ ನೀರಿನವರು ಅಂದಳು.

"ಅತ್ತಿ, ಮನಿ ಹಿರಿಯಾಕಿ ಕೈಗೆ ಸಿಗದಿದ್ರ ಆ ಮನಿ ಮಗಳಿಗೆ ಖಣ ಕೊಟ್ರ ನಡಿಯೂದಿಲ್ಲೇನ್ರಿ?"

ಅತ್ತೆ ಅವಳನ್ನು ಹೆಣ್ಣು ನೋಡಲು ಬಂದವರಂತೆ ಮೇಲಿನಿಂದ ಕೆಳಗೆ ನೋಡಿದರು. ಈಸು ಬರುತ್ತದೇನು ಅಂತ ವಿಚಾರಿಸಿದರು. ನಡೆಯಲು ಕಲಿಯುವ ಮೊದಲೇ ಬಂದಿತ್ತಂತೆ ಅಂದಳು ಅವಳು. ಸಂಬಂಧ ಕುದುರಿತು.

ಅಡಚಣೆ ಇನ್ನೊಂದಿತ್ತು. ನೈಟಿಗೆ ಸೆರಗೆಲ್ಲಿ? ಮೀನಿನ ಟವೆಲಿನಲ್ಲಿ ಅತ್ತೆ ಉಡಿ ತುಂಬುವವರಲ್ಲ. ಎಲ್ಲರೂ ಯೋಚಿಸುತ್ತಿರುವಾಗ ಅಧಿಕಾರಿಗಳ ಹೆಂಡತಿ ಎದ್ದು ಬಂದು, ಮಾತಿಲ್ಲದೆ ತಮ್ಮ ಬೂದು ಶಾಲನ್ನು ಅವಳಿಗೆ ಹೊದಿಸಿದರು. ಬೋಟಿನವನು ಬಕೆಟ್ ಬಿಟ್ಟು ಸಮುದ್ರದ ನೀರು ಎತ್ತಿಕೊಟ್ಟ. ಅತ್ತೆ ಖಣದ ಅಂಚನ್ನು ಅದರಲ್ಲಿ ಅದ್ದಿದರು. ಐದು ಹಿಡಿ ಅಕ್ಕಿಯನ್ನು ಸಮುದ್ರಕ್ಕೆ ಹಾಕಿದರು, ಮಿಕ್ಕಿದ್ದನ್ನು ಕೊಬ್ಬರಿ, ಉತ್ತತ್ತಿ, ಖಣದ ಸಮೇತ ಆ ಶಾಲಿನ ಉಡಿಗೆ ತುಂಬಿದರು. ಮಂಜಿನ ಪೆಟ್ಟಿಗೆಯ ಮೇಲೆ ಕೂತ ಅವಳು ಕಣ್ಣು ತಗ್ಗಿಸಿದ್ದಳು. ಒಲೆಯ ಮೇಲೆ ಏನೋ ಸೀಯುವ ವಾಸನೆ ಬಂತು, ಯಾರೂ ಅಲುಗಾಡಲಿಲ್ಲ.

ಆಮೇಲೆ ಯಾರೂ ಹೇಳಿಕೊಡದೆಯೇ ಅವಳು ಉಡಿಯೊಳಗೆ ಕೈ ಹಾಕಿ, ನಾಲ್ಕಾರು ಕಾಳು ಚಿಮುಟಿ ತೆಗೆದು ಅತ್ತೆಯ ಸೆರಗಿಗೆ ಹಾಕಿದಳು. ಅತ್ತೆ ಎಣಿಸಿದರು. ಐದೇ ಇದ್ದವು. ನನ್ನ ಕಡೆ ನೋಡಿ, "ಹಿಂಗ ಕೊಡಬೇಕು ನೋಡು" ಅಂದರು, ನಿನ್ನೆಯ ಗಂಟಿನ ಸಿಟ್ಟು ಇನ್ನೂ ಸ್ವಲ್ಪ ಇತ್ತು. ಕಾಳುಗಳನ್ನು ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡರು. ಅದೇ ಹೊತ್ತಿಗೆ ಬಲಗಡೆ ಎರಡು ಡಾಲ್ಫಿನ್ನುಗಳು ಬೋಟಿನ ಪಕ್ಕದಲ್ಲೇ ಎದ್ದು ಹೋದವಂತೆ. ಕಂಡವರು ನಮ್ಮ ಮನೆಯವರೊಬ್ಬರೇ. ಅಂಜಿ ಕಣ್ಣು ಮುಚ್ಚಿಕೊಂಡೆ ಅಂತ ಆಮೇಲೆ ಹೇಳಿದರು.

ಊಟಕ್ಕೆ ಆ ಹೆಣ್ಣುಮಗಳು ನಮಗಾಗಿ ಬೇರೆ ಪಾತ್ರೆಯಲ್ಲಿ ಅನ್ನ, ಹುಳಿಯ ಸಾರು ಮಾಡಿದಳು. ಅಧಿಕಾರಿಗಳ ಹೆಂಡತಿ ಮೂರು ಖಡಕ್ ರೊಟ್ಟಿ ತಿಂದು ನಾಲ್ಕನೆಯದನ್ನು ಪರ್ಸಿನಲ್ಲಿಟ್ಟುಕೊಂಡರು. ಸಂಜೆ ದಂಡೆಗೆ ಇಳಿದು ಕಾರು ಹತ್ತುವಾಗ ಅತ್ತೆ, ಗದಗಿನ ದವಾಖಾನ್ಯಾಗ ಮಜ್ಜಿಗಿ ಕೊಡತಾರೋ, ಮನಿಯಿಂದ ಒಯ್ಯಬೇಕೋ ಅಂತ ಕೇಳಿದರು. ನಮ್ಮ ಮನೆಯವರು ಗಾಡಿ ಚಾಲೂ ಮಾಡುವ ಮೊದಲೇ ದವಾಖಾನೆಗೆ ಫೋನು ಹಚ್ಚಿ, ಕೊಟ್ಟ ದಿನ ಗಟ್ಟಿ ಅಂದರು.

ಆಪರೇಷನ್ನಿನ ದಿನ ನರ್ಸಮ್ಮ ಮೈಮೇಲಿನದೆಲ್ಲ ತೆಗೆಯಬೇಕು ಅಂದಾಗ, ಅತ್ತೆ ಬಳೆ, ಮೂಗುತಿಗಿಂತ ಮೊದಲು ಸೆರಗಿನ ಆ ಗಂಟು ಬಿಚ್ಚಿ ನನ್ನ ಅಂಗೈಗೆ ಸುರಿದರು. ಹುಷಾರು, ಎದ್ದ ಕೂಡಲೇ ಕೇಳತೀನಿ ಅಂದರು. ಒಳಗೆ ಕರೆದೊಯ್ದ ಮೇಲೆ ಬಾಗಿಲ ಹೊರಗೆ ಕೂತು ಅಂಗೈ ಬಿಚ್ಚಿ ನೋಡಿದೆ. ಐದು ಕಾಳು ಅಕ್ಕಿ, ಜೊತೆಗೆ ಚಮಕಿಯಂಥ ಒಂದು ಮೀನಿನ ಪೊರೆ.

ಉಳ್ಳಾಗಡ್ಡಿಯನ್ನೂ ಸೋಮವಾರ ಮುಟ್ಟದ ನಮ್ಮತ್ತೆ ಎಂಟು ದಿನ ಅದನ್ನು ಸೆರಗಿನಿಂದ ಸೆರಗಿಗೆ ಕಟ್ಟಿಕೊಳ್ಳುತ್ತ ದೇವರ ಪೂಜೆ ಮಾಡಿದ್ದರು. ತೆಗೆದು ಬಿಸಾಡೋಣ ಅಂತ ಉಗುರಿನಿಂದ ಎತ್ತಿದೆ. ಆಮೇಲೆ, ಕೊಟ್ಟದ್ದು ಆ ಮನೆಯವರು, ಎಷ್ಟು ಕೊಡಬೇಕು ಅಂತ ಅವರಿಗೆ ಗೊತ್ತಿರುತ್ತದೆ ಅನಿಸಿ ಅಲ್ಲೇ ಇಟ್ಟೆ. ಅತ್ತೆ ಎಚ್ಚರಾದ ಕೂಡಲೇ ಕೈ ಚಾಚಿದರು. ನಾನು ಕರವಸ್ತ್ರದಲ್ಲಿ ಬಿಗಿಯಾಗಿ ಕಟ್ಟಿಕೊಟ್ಟೆ.

ಈಗ ಅವರು ಮೂರೂ ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತುತ್ತಾರೆ. ಆ ಕರವಸ್ತ್ರದ ಗಂಟು ದೇವರ ಜಗಲಿಯ ಮೇಲಿದೆ, ದಿನಾ ಪೂಜೆ ಆಗುತ್ತದೆ. ಅಕ್ಕಿಯ ಜೊತೆ ಒಳಗೆ ಇನ್ನೇನಿದೆ ಅಂತ ನಾನು ಇವತ್ತಿಗೂ ಬಾಯಿಬಿಟ್ಟಿಲ್ಲ. ಅತ್ತೆಗೆ ಇದೂ ಮೊದಲೇ ಗೊತ್ತಿದ್ದರೂ ಗೊತ್ತಿರಬಹುದು.