ಒಂದು ಕಾಗದದಷ್ಟು ಸಂದು

ನಮ್ಮ ಮನೆಯ ಮಿಕ್ಸಿ ಆರು ತಿಂಗಳಿಗೊಮ್ಮೆ ಮುನಿಸಿಕೊಳ್ಳುತ್ತದೆ. ಚಟ್ನಿ ಅರ್ಧವಾಗಿರುವಾಗ ಒಳಗೆ ನೀಲಿ ಕಿಡಿ ಹಾರುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಮೇಲೆ ಸದ್ದಿಲ್ಲ. ಅಮ್ಮ ಇದ್ದಲ್ಲಿಂದಲೇ "ಕಾರ್ಬನ್ ತೇದೋಯ್ತು" ಎಂದು ತೀರ್ಪು ಕೊಡುತ್ತಾಳೆ. ತಮಿಳುನಾಡಿನ ತೇನಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನನಗೆ ಇದೇ ವಿಷಯವನ್ನು ಹೇಳಲು ಒಂದು ಗಂಟೆಯೂ ಎರಡು ಚಿತ್ರಗಳೂ ಬೇಕು. ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸಬೇಕಾದರೆ ಏನಾದರೊಂದು ಅದನ್ನು ಉಜ್ಜುತ್ತಲೇ ಇರಬೇಕು. ಉಜ್ಜುವುದು ಕಾರ್ಬನ್ನಿನ ಎರಡು ತುಂಡು. ಉಜ್ಜಿದ್ದು ತೇಯುತ್ತದೆ. ಅಷ್ಟೇ.

ಕಳೆದ ಒಂದು ವರ್ಷದಿಂದ ನನ್ನ ಮನಸ್ಸಿನಲ್ಲಿ ತಿರುಗುತ್ತಿರುವುದು ಮಾತ್ರ ಕಾರ್ಬನ್ನೇ ಇಲ್ಲದ ಒಂದು ಮೋಟಾರು. ಅದರಲ್ಲಿ ಯಾವುದೂ ಯಾವುದನ್ನೂ ಉಜ್ಜುವುದಿಲ್ಲ. ನಡುವೆ ಅಯಸ್ಕಾಂತ, ಸುತ್ತ ತಂತಿಯ ಸುರುಳಿಗಳು, ಮಧ್ಯೆ ಕೂದಲೆಳೆಯಷ್ಟು ಗಾಳಿ. ಅಯಸ್ಕಾಂತ ಈಗ ಎಲ್ಲಿದೆ ಎಂದು ಹೊರಗಿನ ಒಂದು ಪುಟ್ಟ ಡಬ್ಬಿ ಮುಟ್ಟದೆಯೇ ತಿಳಿದುಕೊಂಡು, ಸರಿಯಾದ ಸುರುಳಿಗೆ ಸರಿಯಾದ ಕ್ಷಣದಲ್ಲಿ ವಿದ್ಯುತ್ತು ಕಳಿಸುತ್ತದೆ. ಮುಟ್ಟದೆ ತಿಳಿದುಕೊಳ್ಳುವುದು, ಮುಟ್ಟದೆ ತಿರುಗಿಸುವುದು. ಮೊದಲ ಸಲ ಕೈಯಲ್ಲಿ ಹಿಡಿದಾಗ, ಇದು ನಮ್ಮ ಮನೆತನದ ಮೋಟಾರು ಎನ್ನಿಸಿತು.

ಹೀಗೇಕೆ ಎನ್ನಿಸಿತೆಂದು ಹೇಳಬೇಕಾದರೆ ಲಾರಿಯಿಂದ ಶುರುಮಾಡಬೇಕು. ಅದು ರೇಡಿಯೋ ರಿಮೋಟಿನಲ್ಲಿ ಓಡುವ ಆಟದ ಲಾರಿ. ಉದ್ದ ಒಂದು ಮೊಳ. ಚಕ್ರಗಳು ಮಾತ್ರ ಮೈಗೆ ಒಪ್ಪದಷ್ಟು ದೊಡ್ಡವು, ಅಪ್ಪನ ಚಪ್ಪಲಿ ಮೆಟ್ಟಿಕೊಂಡ ಮಗುವಿನ ಹಾಗೆ. ಹೊರದೇಶದವರು ಇಂಥದಕ್ಕೆ ಮಾನ್‌ಸ್ಟರ್ ಟ್ರಕ್ ಎನ್ನುತ್ತಾರಂತೆ. ಅದನ್ನು ತಂದವರು ನನ್ನ ಸೋದರತ್ತೆಯ ಮಗ. ಹಡಗಿನಲ್ಲಿ ವಿದ್ಯುತ್ತಿನ ಕೆಲಸ. ಒಂಬತ್ತು ತಿಂಗಳು ನೀರಿನ ಮೇಲೆ, ಉಳಿದ ದಿನ ಪೆರಿಯಕುಳದಲ್ಲಿ, ಅವರ ಮನೆಯ ಮಾವಿನ ತೋಪಿನಲ್ಲಿ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಜ್ಜಿ ಅವರನ್ನು ಕರೆಯುವುದು 'ಕಪ್ಪಲು' ಎಂದು. ತಮಿಳಿನಲ್ಲಿ ಹಡಗಿಗೆ ಕಪ್ಪಲ್ ಎನ್ನುತ್ತಾರೆ. ಅಜ್ಜಿ ಮಗಳ ಮಗನನ್ನೂ ಅವನ ಹಡಗನ್ನೂ ಒಂದೇ ಮಾಡಿಬಿಟ್ಟಿದ್ದಾಳೆ. "ಕಪ್ಪಲು ಊಟ ಮಾಡ್ತೋ ಇಲ್ವೋ" ಎಂದು ಮಳೆ ಬಂದಾಗಲೆಲ್ಲ ಕೇಳುತ್ತಾಳೆ.

ನಮ್ಮವರು ಕಂಬಂ ಕಣಿವೆಗೆ ಬಂದು ಕೆಲವು ನೂರು ವರ್ಷಗಳಾದವು. ಬೀದಿಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. ಆ ಕನ್ನಡಕ್ಕೊಂದು ಲಿಪಿಯಿದೆ ಎಂದು ನಾನು ಕಂಡುಕೊಂಡದ್ದು ಮೈಸೂರಿಗೆ ಓದಲು ಹೋದಾಗ. ಬಂದ ದಾರಿ ಮರೆತಿದ್ದರೂ ಎರಡು ಕಟ್ಟಳೆಗಳನ್ನು ನಮ್ಮವರು ಮರೆತಿಲ್ಲ. ಒಂದು, ತಂಬಿರಾನ್ ದೊಡ್ಡಿ. ಅದು ದೇವರ ದನಗಳ ದೊಡ್ಡಿ. ಹರಕೆ ಹೊತ್ತು ಅಲ್ಲಿಗೆ ಬಿಟ್ಟ ಕರುವಿನ ಕುತ್ತಿಗೆಗೆ ಆಮೇಲೆ ನೊಗ ಇಡುವಂತಿಲ್ಲ. ಇನ್ನೊಂದು, ಮುರೈ. ಸೋದರಮಾವನ ಮಗಳ ಮೇಲೆ ಹುಡುಗನಿಗೆ ಮೊದಲ ಹಕ್ಕು. ಬೇಡವೆಂದರೆ ಅವನು ಹತ್ತು ಜನರ ಮುಂದೆ ಎಲೆ ಅಡಿಕೆ ತೆಗೆದುಕೊಳ್ಳಬೇಕು. ತೆಗೆದುಕೊಂಡರೆ ಬಿಟ್ಟುಕೊಟ್ಟ ಹಾಗೆ, ಹುಡುಗಿಯನ್ನು ಬೇರೆ ಮನೆಗೆ ಕೊಡಬಹುದು. ವಿಜ್ಞಾನ ಓದಿದ ನನಗೆ ಈ ಎರಡನೆಯ ಪದ್ಧತಿಯ ಬಗ್ಗೆ ಗಟ್ಟಿಯಾದ ಆಕ್ಷೇಪಗಳಿದ್ದವು. ಲಾರಿ ನಮ್ಮ ಮನೆಗೆ ಬಂದ ಮೇಲೆ ಅವುಗಳನ್ನು ಒಂದೊಂದಾಗಿ ಮರೆತೆ.

ಬಂದದ್ದು ಹೀಗೆ. ಹೋದ ಸಲ ರಜೆ ಮುಗಿಸಿ ಹಡಗಿಗೆ ಹೊರಟಾಗ ಅವರು ಲಾರಿಯನ್ನು ನಮ್ಮ ಜಗಲಿಯ ಮೇಲಿಟ್ಟು "ಇಲ್ಲೇ ಇರ್ಲಿ" ಎಂದರು. ಅಜ್ಜಿಗೆ ಹೇಳಿದರೋ ನನಗೋ ತಿಳಿಯಲಿಲ್ಲ. ಅವರು ನೋಡುತ್ತಿದ್ದದ್ದು ಲಾರಿಯನ್ನು. ನಾನು ನೋಡುತ್ತಿದ್ದದ್ದೂ ಲಾರಿಯನ್ನೇ. ಒಂದು ತಿಂಗಳಲ್ಲಿ ನಾನು ಅದನ್ನು ದ್ರಾಕ್ಷಿ ಚಪ್ಪರದ ಕೆಳಗೆ, ನೀರು ಹಾಯಿಸಿದ ಕೆಸರಿನಲ್ಲಿ ಓಡಿಸಿ, ಮೋಟಾರು ಸುಟ್ಟೆ. ಮಿಕ್ಸಿಯದೇ ವಾಸನೆ.

ತಪ್ಪೊಪ್ಪಿಗೆಯ ಪತ್ರ ಬರೆದೆ. ಎಷ್ಟು ಹೊತ್ತು ಓಡಿಸಿದೆ, ಬ್ಯಾಟರಿ ಎಷ್ಟು ಬಿಸಿಯಾಗಿತ್ತು, ಹೊಗೆಯ ಬಣ್ಣ ಏನು, ಎಲ್ಲ ಬರೆದೆ. ಹೇಗಿದ್ದೀರಿ ಎಂದು ಮಾತ್ರ ಬರೆಯಲಿಲ್ಲ. ಎರಡು ತಿಂಗಳ ಮೇಲೆ ಜರ್ಮನಿಯ ಯಾವುದೋ ಬಂದರಿನಿಂದ ಪಾರ್ಸೆಲ್ ಬಂತು. ಒಳಗೆ ಕಾರ್ಬನ್ ಇಲ್ಲದ ಮೋಟಾರು, ಅದರ ಡಬ್ಬಿ, ನಾಲ್ಕು ಪುಟದ ಪತ್ರ. ಅವರಿಗೆ ಕನ್ನಡ ಲಿಪಿ ಬಾರದು, ನಮ್ಮ ಮನೆಯ ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆಯುತ್ತಾರೆ. ನಾಲ್ಕೂ ಪುಟ ಮೂರು ತಂತಿಗಳ ವಿಷಯ. ಯಾವ ಎರಡನ್ನು ಅದಲುಬದಲು ಮಾಡಿದರೂ ಲಾರಿ ಹಿಂದಕ್ಕೆ ಓಡುತ್ತದೆ ಎಂಬ ಎಚ್ಚರಿಕೆಯ ಕೆಳಗೆ ಎರಡು ಗೆರೆ. ಕೊನೆಯಲ್ಲಿ, "ಪೊಂಗಲ್‌ಗೆ ಬರ್ತೀನಿ. ಓಡ್ಸಿ ತೋರ್ಸು."

ಈ ಕೊನೆಯ ಮಾತನ್ನು ನಾನು ಎಷ್ಟು ಸಲ ಓದಿದೆ ಎಂದು ಹೇಳಲಾರೆ. ಸಂಶೋಧನಾ ಲೇಖನಗಳನ್ನೂ ಅಷ್ಟು ಸಲ ಓದಿಲ್ಲ.

ಅಷ್ಟರಲ್ಲಿ ಬೋಡಿನಾಯಕನೂರಿನಿಂದ ಒಂದು ಸಂಬಂಧ ಬಂತು. ಏಲಕ್ಕಿ ವ್ಯಾಪಾರದ ಮನೆ, ಒಳ್ಳೆಯ ಜನ. ಹುಡುಗನ ಬಗ್ಗೆ ಹೇಳಲು ಯಾರಿಗೂ ಒಂದು ಕೆಟ್ಟ ಮಾತು ಸಿಗಲಿಲ್ಲ, ನನಗೂ ಸಿಗಲಿಲ್ಲ. ಅದೇ ಕಷ್ಟ. ಅಪ್ಪ ಹೇಳಿದರು, "ಮುರೈಕಾರ ಪೊಂಗಲ್‌ಗೆ ಬರ್ತಾನೆ. ದೊಡ್ಡೀಲಿ ಎಲೆ ಕೊಟ್ಬುಡಾಣ. ಅವನು ಬಾಯ್ಬುಟ್ಟು ಏನೂ ಕೇಳಿಲ್ವಲ್ಲ." ನಿಜ, ಅವರು ಏನೂ ಕೇಳಿರಲಿಲ್ಲ. ನಾನೂ ಏನೂ ಹೇಳಿರಲಿಲ್ಲ. ನಮ್ಮಿಬ್ಬರ ನಡುವೆ ಮಾತನಾಡಬಲ್ಲದ್ದು ಒಂದು ಲಾರಿ. ಅದಕ್ಕೆ ಮೋಟಾರು ಇರಲಿಲ್ಲ.

ಸರಿ, ಕೂರಿಸಲು ಕುಳಿತೆ. ಹೊಸ ಮೋಟಾರಿನ ಕಡ್ಡಿ ಹಳೆಯದಕ್ಕಿಂತ ದಪ್ಪ. ಅದರ ಮೇಲೆ ಕೂರಬೇಕಾದ ಪುಟ್ಟ ಹಲ್ಲಿನ ಚಕ್ರದ ತೂತು ಸಣ್ಣದು. ತೇನಿಯ ಲೇತ್ ಅಂಗಡಿಯವರು ಅದನ್ನು ನೋಡಿ ನಕ್ಕರು. ಕೊನೆಗೆ ಒಂದು ಶನಿವಾರ ಬತ್ತಲಗುಂಡಿನಲ್ಲಿ ಬಸ್ಸು ಬದಲಿಸಿ ದಿಂಡಿಗಲ್ಲಿಗೆ ಹೋದೆ. ಅರ್ಧ ಮಿಲಿಮೀಟರನ್ನು ಗೌರವದಿಂದ ಕಾಣುವವರು ಈ ಸುತ್ತಿನಲ್ಲಿ ಅಲ್ಲಿಯ ಬೀಗ ಮಾಡುವವರು ಮಾತ್ರ. ಒಂದು ಓಣಿಯಲ್ಲಿ, ಇಕ್ಕುಳದಂಥ ಬೆರಳುಗಳ ಮುದುಕರೊಬ್ಬರು ಚಕ್ರವನ್ನು ಬೆಳಕಿಗೆ ಹಿಡಿದು ತಮಿಳಿನಲ್ಲಿ ಕೇಳಿದರು:

"ಇದು ಯಾವ ಬೀಗಕ್ಕಮ್ಮಾ?"

"ಬೀಗವಲ್ಲ ಅಯ್ಯಾ, ಆಟದ ಲಾರಿ."

"ಮಗುವಿಗಾ?"

"ಇಲ್ಲ."

ಮುಂದೆ ಕೇಳಲಿಲ್ಲ. ಬೀಗ ಮಾಡುವವರಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುತ್ತದೆ. ಒಂದು ಗಂಟೆ ಕೊರೆದು, ಒರೆಸಿ, ಕಡ್ಡಿಗೆ ಕೂರಿಸಿ ನೋಡಿ, "ಬಿಗಿಯಾಗಿರಬೇಕು, ಆದರೆ ಬಲವಂತ ಮಾಡಬೇಡ" ಎಂದು ಕೈಗಿತ್ತರು. ಇದನ್ನು ನಮ್ಮಪ್ಪನಿಗೂ ಬಂದು ಹೇಳುತ್ತೀರಾ ಎಂದು ಕೇಳಬೇಕೆನಿಸಿತು. ಕೇಳುವ ಜಾತಿ ನಾನಲ್ಲ.

ಇನ್ನು ಉಳಿದದ್ದು ಸಂದು. ಮೋಟಾರಿನ ಪುಟ್ಟ ಚಕ್ರವೂ ಲಾರಿಯೊಳಗಿನ ದೊಡ್ಡ ಹಲ್ಲುಚಕ್ರವೂ ಹಲ್ಲಿಗೆ ಹಲ್ಲು ಕೊಟ್ಟು ತಿರುಗಬೇಕು. ತೀರ ಒತ್ತಿ ಕೂರಿಸಿದರೆ ಬಿಸಿಯಾಗುತ್ತವೆ, ಅರಚುತ್ತವೆ. ದೂರ ಬಿಟ್ಟರೆ ಜಾರಿ ಹಲ್ಲು ಮುರಿಯುತ್ತದೆ. ಇದಕ್ಕೆ ಬಲ್ಲವರ ಉಪಾಯವೊಂದಿದೆ. ಎರಡರ ನಡುವೆ ಒಂದು ಕಾಗದದ ಪಟ್ಟಿಯಿಟ್ಟು ಒತ್ತಿ, ತಿರುಪು ಬಿಗಿದು, ಚಕ್ರ ತಿರುಗಿಸಿ ಕಾಗದವನ್ನು ಹೊರಗೆ ತೆಗೆಯುವುದು. ಉಳಿಯುವ ಸಂದು ಒಂದು ಕಾಗದದಷ್ಟು. ಪತ್ರದಲ್ಲಿ ಅವರೇ ಬರೆದಿದ್ದರು: "ಒಂದು ಕಾಗದ ಸಾಕು." ಯಾವ ಕಾಗದವೆಂದು ಬರೆದಿರಲಿಲ್ಲ. ಮೇಜಿನ ಮೇಲೆ ಬಸ್ ಟಿಕೆಟ್ಟೂ ಇತ್ತು, ಕಾಲೇಜಿನ ಉತ್ತರಪತ್ರಿಕೆಗಳೂ ಇದ್ದವು. ನಾನು ಅವರ ಪತ್ರದ ಕೊನೆಯ ಪುಟದ ಕೆಳಗಿನ ಅಂಚನ್ನು, ಅಡಿಪಟ್ಟಿ ಇಟ್ಟು, ನೇರವಾಗಿ ಕತ್ತರಿಸಿಕೊಂಡೆ.

ತಂತಿ ಬೆಸೆದು, ಬ್ಯಾಟರಿ ಜೋಡಿಸಿ, ಜಗಲಿಯ ಮೇಲಿಟ್ಟು ರಿಮೋಟು ಒತ್ತಿದೆ. ಲಾರಿ ಓಡಲಿಲ್ಲ. ನಿಂತಲ್ಲೇ ಗಡಗಡ ನಡುಗಿತು. ಮತ್ತೆ ಒತ್ತಿದೆ, ಮತ್ತೆ ನಡುಕ. ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ಎದ್ದು ಬಂದಳು.

"ಏನ್ ಪಾಪಾ, ಇದ್ಕೆ ಚಳಿಜ್ವರವಾ?"

"ಇಲ್ಲಜ್ಜಿ, ಎಲ್ಲೋ ಬೆಸುಗೆ ಬಿಟ್ಟದೆ."

"ನೊಗ ಕಂಡ ಹೋರಿ ಹಂಗೆ ನಡುಗ್ತದಲ್ಲ ಸಾಮೀ!" ಎಂದವಳು ಕೈಯೆತ್ತಿ, ನಾನು ತಡೆಯುವಷ್ಟರಲ್ಲಿ, "ತಂಬಿರಾನೇ, ಇದೊಂದ್ ನಡೀಲಿ, ನಿನ್ ದೊಡ್ಡೀಗೇ ಬುಟ್ಬುಡ್ತೀನಿ" ಎಂದುಬಿಟ್ಟಳು.

ಮರುದಿನ ಬೆಳಿಗ್ಗೆ ಮೂರು ತಂತಿಗಳಲ್ಲಿ ಒಂದರ ಬೆಸುಗೆ ಬಿರುಕು ಬಿಟ್ಟಿದ್ದು ಕಂಡಿತು. ಮತ್ತೆ ಬೆಸೆದೆ. ಲಾರಿ ಜಗಲಿಯಿಂದ ಹಾರಿ, ಅಂಗಳ ದಾಟಿ, ಬಾವಿಯನ್ನು ಒಂದು ಸುತ್ತು ಹಾಕಿ ನನ್ನ ಕಾಲ ಬಳಿ ಬಂದು ನಿಂತಿತು. ಕಿಡಿಯಿಲ್ಲ, ವಾಸನೆಯಿಲ್ಲ, ಸಣ್ಣದೊಂದು ಶಿಳ್ಳೆ ಮಾತ್ರ. ನಾನು ನಗುತ್ತಿದ್ದೆ. ತಿರುಗಿ ನೋಡಿದರೆ ಅಜ್ಜಿ ಅರಿಶಿನದ ಬಟ್ಟಲು ಹಿಡಿದು ನಿಂತಿದ್ದಳು.

"ಸಾಕು ಪಾಪಾ. ನಡೀತಲ್ಲ. ಇನ್ ಓಡುಸ್ಬ್ಯಾಡ. ಸಾಮಿದು."

"ಅಜ್ಜಿ, ಅದು ಹೋರಿಯಲ್ಲ!"

"ನಾಕ್ ಕಾಲೈತೆ, ನಡುಗ್ತಾ ಇತ್ತು, ಬಾಯಲ್ಲಿ ಬಂದ್ಬುಡ್ತು. ಇಲ್ಲಾಂತೀನಾ? ಹೇಳಿದ್ದು ಹೇಳಿದ್ದೇ."

ಬೇರೆ ಊರಿನ ಅಜ್ಜಿಯಾಗಿದ್ದರೆ ತೆಂಗಿನಕಾಯಿ ಒಡೆಯುತ್ತೇನೆ ಎನ್ನುತ್ತಿದ್ದಳು. ನಮ್ಮ ಅಜ್ಜಿಗೆ ಗೊತ್ತಿದ್ದ ಹರಕೆ ಅದೊಂದೇ. ಬೆಸುಗೆಯ ಮಾತನ್ನು ವಿವರಿಸಿದೆ. "ಆ ಬಿರುಕ್ ನಿನ್ ಕಣ್ಗೆ ತೋರ್ಸ್‌ದೋರ್ ಯಾರು?" ಎಂದಳು. ಕಾಡಿ ಬೇಡಿ ಪೊಂಗಲ್‌ವರೆಗೆ ಲಾರಿ ಮನೆಯಲ್ಲಿರಲು ಒಪ್ಪಿಸಿದೆ, ಓಡಿಸಬಾರದೆಂಬ ಷರತ್ತಿನ ಮೇಲೆ. ಮೈಗೆಲ್ಲ ಅರಿಶಿನ ಬಳಿದುಕೊಂಡು ಅದು ಜಗಲಿಯಲ್ಲಿ ಕುಳಿತಿತು. ಅಜ್ಜಿ ಇಲ್ಲದ ಹೊತ್ತಿನಲ್ಲಿ ರಿಮೋಟು ಕೈಗೆತ್ತಿಕೊಂಡದ್ದುಂಟು. ಒತ್ತಲಿಲ್ಲ. ನಂಬಿಕೆಯಿಂದಲ್ಲ. ಅವಳು ಇಬ್ಬರಿಗೂ ಅಜ್ಜಿ.

ಹಡಗು ತಡವಾಯಿತು. ಅವರು ಬಂದದ್ದು ಮಾರನೆಯ ದಿನ, ದನಗಳ ಹಬ್ಬವಾದ ಮಾಟ್ಟು ಪೊಂಗಲಿನಂದು, ಮಧುರೆಯ ಬಸ್ಸಿನಲ್ಲಿ, ಚೀಲದೊಂದಿಗೆ ನೇರ ದೊಡ್ಡಿಗೇ. ಅಷ್ಟು ಹೊತ್ತಿಗೆ ಪೂಜೆ ಮುಗಿದಿತ್ತು. ದನಗಳ ಕಾಲಡಿ ಕಬ್ಬಿನ ಸೋಗೆ. ಒಂದು ಮೂಲೆಯ ಕಲ್ಲಿನ ಮೇಲೆ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿಕೊಂಡು ರಾಕ್ಷಸ ಚಕ್ರದ ಲಾರಿ. ಪಕ್ಕದಲ್ಲಿ ಒಂದು ಬಿಳಿ ಹೋರಿ ಅದರ ಹಾರ ತಿನ್ನುತ್ತಿತ್ತು.

ಅವರು ಲಾರಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ನಾನು ಎರಡು ಮಾರು ದೂರದಲ್ಲಿ ನಿಂತೆ.

"ಓಡ್ತಾ?"

"ಒಂದು ಸುತ್ತು."

ಬೆರಳಲ್ಲಿ ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿ ಕಿವಿಗೊಟ್ಟರು. "ಸಂದು ಸರಿಯಾಗದೆ. ಏನಿಟ್ಟೆ?"

"ಕಾಗದ."

"ಯಾವ ಕಾಗದ?"

"ಬಸ್ ಟಿಕೆಟ್ಟು."

ಮತ್ತೊಮ್ಮೆ ಅಲ್ಲಾಡಿಸಿದರು. "ಬಸ್ ಟಿಕೆಟ್ ಇಷ್ಟು ದಪ್ಪ ಇರಾದಿಲ್ಲ" ಎಂದರು, ಲಾರಿಯನ್ನೇ ನೋಡುತ್ತ. ನನಗೆ ಬಿಳಿ ಹೋರಿಯ ಹಿಂದೆ ಅಡಗಬೇಕೆನಿಸಿತು.

ಆಗಲೇ ಅಪ್ಪ ಕರೆದರು. ಹಿರಿಯರು ಸಾಲಾಗಿ ಕೂತಿದ್ದರು. ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ. ಅಪ್ಪ ತಟ್ಟೆಯನ್ನು ಅತ್ತೆಯ ಮಗನ ಮುಂದೆ ಚಾಚಿ, ಬೋಡಿಯ ಸಂಬಂಧದ ವಿಷಯ ಹೇಳಿ, "ತಗೊಳಪ್ಪ" ಎಂದರು.

ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು, ಪಾಠ ಒಪ್ಪಿಸುವ ಹುಡುಗನ ಹಾಗೆ.

"ಬೇಡ ಮಾಮ. ಲಾರಿ ಓಡ್ಸಿ ತೋರ್ಸು ಅಂತ ಬರ್ದಿದ್ದೆ. ನಾ ಇನ್ನೂ ನೋಡಿಲ್ಲ. ನೋಡಿದ್ ಮೇಲೆ ಎಲೆ ತಗೊಳ್ತೀನಿ."

ಅಪ್ಪನಿಗೆ ಅರ್ಥವಾಗಲಿಲ್ಲ. ಅಜ್ಜಿಗೆ ಆಯಿತು. "ಅಯ್ಯೋ ಕಪ್ಪಲೇ, ಅದು ಸಾಮಿಗೆ ಬುಟ್ಟಿದ್ದು! ಅದು ಇನ್ ಯಾವತ್ತೂ ಓಡಾದಿಲ್ಲ!"

"ಹಂಗಾರೆ ಎಲೆನೂ ಯಾವತ್ತೂ ತಗಳಾದಿಲ್ಲ ಅಜ್ಜಿ" ಎಂದರು.

ಹಿರಿಯರಲ್ಲೊಬ್ಬರು ಮೊದಲು ನಕ್ಕರು, ಆಮೇಲೆ ಎಲ್ಲರೂ. ಅಪ್ಪ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಬಿಳಿ ಹೋರಿಯ ಮುಂದಿಟ್ಟರು. ಅದು ಎಲೆಗಳನ್ನು ಒಂದೂ ಬಿಡದೆ ತಿಂದಿತು.

ಇದಾಗಿ ಏಳು ತಿಂಗಳು. ಬಂದ ಮೂರನೆಯ ವಾರವೇ ಅವರನ್ನು ಮತ್ತೆ ಹಡಗು ಕರೆಯಿತು. ಮುಂದಿನ ತೈ ತಿಂಗಳಲ್ಲಿ, ಪೊಂಗಲ್ ಕಳೆದ ಮೇಲೆ, ನಮ್ಮ ಮದುವೆ ಎಂದು ಇಟ್ಟಿದ್ದಾರೆ. ಅಲ್ಲಿಯವರೆಗೆ ಪತ್ರಗಳು. ಈಗಲೂ ಅವುಗಳಲ್ಲಿ ಜನರೇಟರು, ಕೇಬಲ್ಲು, ಯಾವುದೋ ಬಂದರಿನಲ್ಲಿ ಸಿಗದ ಫ್ಯೂಸು. ನಾನೂ ಹವೆ, ದ್ರಾಕ್ಷಿ, ಪರೀಕ್ಷೆಗಳ ಬಗ್ಗೆ ಬರೆಯುತ್ತೇನೆ. ಹೇಗಿದ್ದೀರಿ ಎಂದು ಕೇಳಲು ಕಲಿತಿದ್ದೇನೆ, ಆದರೆ ಮೂರನೆಯ ಪುಟದಲ್ಲಿ. ಮುಟ್ಟದೆ ತಿರುಗುವ ಯಂತ್ರದ ಗುಣವನ್ನು ತರಗತಿಯಲ್ಲಿ ಹೊಗಳುವಾಗ ಈಗ ನನ್ನ ದನಿ ಮೊದಲಿನಷ್ಟು ಗಟ್ಟಿಯಿಲ್ಲ. ತೇಯುವುದಿಲ್ಲ, ನಿಜ. ಆದರೆ ಸಂಜೆ ಬಸ್ಸಿಳಿದು ಬರುವಾಗ, ಅಡುಗೆಮನೆಯಿಂದ ಆ ಸುಟ್ಟ ವಾಸನೆಯೂ ಅಮ್ಮನ ತೀರ್ಪೂ ಒಟ್ಟಿಗೆ ಬಂದರೆ, ಹತ್ತಿರವಿದ್ದು ಉಜ್ಜಿ ತೇಯುವುದು ಅಷ್ಟೇನೂ ಕೆಟ್ಟ ವಿನ್ಯಾಸವಲ್ಲ ಎನ್ನಿಸುತ್ತದೆ.

ಆ ಕಾಗದದ ಪಟ್ಟಿ ನನ್ನ ಪ್ರಯೋಗಪುಸ್ತಕದಲ್ಲಿದೆ. ಉದ್ದಕ್ಕೂ ಹಲ್ಲಿನ ಗುರುತು ಬಿದ್ದು ನಿರಿಗೆ ಹಿಡಿದ ಹಾಗಾಗಿದೆ. ಅಂಚನ್ನು ನೇರವಾಗಿಯೇ ಕತ್ತರಿಸಿದ್ದೆ, ಆದರೂ ಕೊನೆಯ ಸಾಲಿನ ಒಂದು ಮಾತು ಅದರ ಜೊತೆ ಬಂದುಬಿಟ್ಟಿದೆ. "ಬರ್ತೀನಿ."